ಚೇಂಬರ್ ಮುಚ್ಚುವ ಮುನ್ನ

ಬೆಟಗೇರಿ,
ಫೆಬ್ರವರಿ 30, 2194

ಗುರುಸಿದ್ಧಪ್ಪನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲಕ್ಕೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ಅದೊಂದೇ ತಿಂಗಳು ಯಾಕೆ ಕುಂಟಬೇಕೆಂದು ಯಾರೋ ಪುಣ್ಯಾತ್ಮರು ಸರಿಮಾಡಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೀವಾಡುವ ಕನ್ನಡವನ್ನು ನಾವು ಶಾಲೆಯಲ್ಲಿ ಹಳಗನ್ನಡವೆಂದು ಕಲಿತವರು, ನಾನು ಅದರಲ್ಲಿ ಎರಡು ಸಲ ನಪಾಸಾದವಳು. ನನ್ನ ಹೆಸರು ಮುಗಿಲವ್ವ. ನಿಮ್ಮ ಅಂಗಳದಲ್ಲಿ ಈಗ ಆಡುತ್ತಿರುವ ನಾಲ್ಕು ವರ್ಷದ ಮಗಳು ನನ್ನ ಅಜ್ಜಿಯ ಅಜ್ಜಿ. ನಿಮಗೆ ಮೂವತ್ತೈದು, ನನಗೆ ಅರವತ್ತಮೂರು. ಅಜ್ಜ ಎನ್ನಲು ನಾಲಿಗೆ ಹೊರಳುವುದಿಲ್ಲ. ಆದರೂ ಅಜ್ಜನೇ, ಅಜ್ಜನ ಮೇಲೆ ಸಿಟ್ಟಾಗುವ ಹಕ್ಕು ಮೊಮ್ಮಕ್ಕಳಿಗೆ ಇದ್ದೇ ಇದೆ.

ಈ ಕಾಗದ ನಿಮಗೆ ತಲುಪಿದ್ದು ಹಿಂದೋಲೆಯಲ್ಲಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿಗೆ ನಾವು ಹಾಗನ್ನುತ್ತೇವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ. ಜೊತೆಗೊಂದು ಹಳೆಯ ವಸ್ತುವನ್ನು ಇಡಬೇಕು. ಆ ವಸ್ತು ಮುಚ್ಚಿಹೋಗುವ ಮುಂಚೆ ಯಾವ ಗಳಿಗೆಯಲ್ಲಿ ಕೊನೆಯ ಸಲ ಬೆಳಕು ಕಂಡಿತ್ತೋ ಆ ಗಳಿಗೆಗೆ ಕಾಗದ ಹೋಗಿ ಬೀಳುತ್ತದೆ. ಜನ ಸಾಮಾನ್ಯವಾಗಿ ತಮ್ಮ ಎಳೆ ವಯಸ್ಸಿಗೆ ತಾವೇ ಬರೆದುಕೊಳ್ಳುತ್ತಾರೆ, ಅವನನ್ನು ಮದುವೆಯಾಗಬೇಡ, ಆ ಹಲ್ಲು ಕೀಳಿಸಬೇಡ ಎಂದು. ನಾನೂ ನನ್ನದನ್ನು ನಲವತ್ತು ವರ್ಷ ಹಾಗೆಯೇ ಕಾದಿಟ್ಟುಕೊಂಡಿದ್ದೆ. ಮೊನ್ನೆ ನಿಮ್ಮ ಕಾರಿನ ಕೆಳಗೆ ಅಂಗಾತ ಮಲಗಿದ ಮೇಲೆ ಅದನ್ನು ನಿಮಗೇ ಬರೆಯಬೇಕಾಯಿತು.

ಹೌದು, ಕಾರು ಇನ್ನೂ ಇದೆ. ಅದೇ ಅಂಬಾಸಿಡರ್, ಅದೇ ಅಂಗಳ. ನಮ್ಮಲ್ಲಿ ಈಗ ಯಾರೂ ಏನನ್ನೂ ರಿಪೇರಿ ಮಾಡುವುದಿಲ್ಲ. ಸಾಮಾನೆಲ್ಲ ಮಾಯುಲೋಹದ್ದು, ಒಡೆದರೂ ಬಿರಿದರೂ ಬಿಸಿಲಿಗೆ ಇಟ್ಟರೆ ಸಾಕು, ಮೈಮೇಲಿನ ಗಾಯ ಮಾಯುವ ಹಾಗೆ ತಾನೇ ಮಾಯುತ್ತದೆ. ತೇಲುಬಂಡಿಗೆ ಪೆಟ್ಟು ಬಿದ್ದರೆ ಮಾಳಿಗೆಯ ಮೇಲೆ ಬಿಡುತ್ತೇವೆ. ಪಕ್ಕದಲ್ಲಿಟ್ಟ ಸಂಡಿಗೆ ಒಣಗುವಷ್ಟರಲ್ಲಿ ಅದೂ ನೆಟ್ಟಗಾಗಿರುತ್ತದೆ. ಹೀಗಾಗಿ ನಮ್ಮೂರಲ್ಲಿ ಸ್ಪ್ಯಾನರ್ ಹಿಡಿಯಲು ಬರುವವರು ಒಬ್ಬರೂ ಇಲ್ಲ. ಅಂಥದ್ದರಲ್ಲಿ ಈ ವರ್ಷ ಊರ ಸಮಿತಿ ಒಂದು ಆಜ್ಞೆ ಹೊರಡಿಸಿತು. ಓಡುವ ಹಳೆಯ ಗಾಡಿ ಮನೆಯಲ್ಲಿರಬಹುದು, ಓಡದಿದ್ದರೆ ಕರಗುಮನೆಗೆ ಹೋಗಬೇಕು. ಕಳಿಸಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆ. ನನ್ನ ತಮ್ಮ ಹೌಹಾರಿ ಓಡಿಬಂದ. "ಅಕ್ಕಾ, ನಿಂದು ಕಸ್ತೂರಿ ಕೈ. ಮುಟ್ಟಬ್ಯಾಡ, ಇದ್ದದ್ದೂ ಹೋದೀತು!" ಎಂದ.

ಕಸ್ತೂರಿ ಕೈ. ಈ ಮಾತು ನಿಮಗೆ ಗೊತ್ತಿಲ್ಲ, ಇನ್ನೂ ಹುಟ್ಟಿಲ್ಲ. ಕಸ್ತೂರಿ ಯಾರೆಂಬುದು ಮಾತ್ರ ಚೆನ್ನಾಗಿ ಗೊತ್ತು, ನಿಮ್ಮ ಹೆಂಡತಿ. ನಮ್ಮ ಮನೆಯಲ್ಲಿ ಹುಡುಗಿಯ ಕೈಯಿಂದ ಏನಾದರೂ ಜಾರಿ ಬಿದ್ದರೆ, ಗುಂಡಿ ಒತ್ತಿದ್ದು ನಡೆಯದಿದ್ದರೆ, "ಬಂತು ನೋಡು ಕಸ್ತೂರಿ ಕೈ" ಎನ್ನುತ್ತಾರೆ. ನಗುತ್ತಾ ಎನ್ನುತ್ತಾರೆ, ಆದರೆ ಯಂತ್ರ ಮುಟ್ಟಲು ಬಿಡುವುದಿಲ್ಲ. ಕಥೆಯನ್ನು ತೊಟ್ಟಿಲಲ್ಲೇ ಕೇಳಿಸುತ್ತಾರೆ. ನೀವು ಡಿಸೆಂಬರಿನಲ್ಲಿ ಅಂಗಳದಲ್ಲಿ ಒಬ್ಬರೇ ಕೂತು, ಯಾವ ಗ್ಯಾರೇಜಿಗೂ ಕೊಡದೆ, ಎಂಜಿನ್ ಬಿಚ್ಚಿ ಬೇರಿಂಗ್ ಬದಲಿಸಿ ಹೊಸದರಂತೆ ಮಾಡಿದಿರಂತೆ. ಜನವರಿ ಹದಿನಾರಕ್ಕೆ ನಿಮ್ಮ ಅವ್ವ ಶಿವಗಂಗವ್ವನವರ ಅಣ್ಣ ರೋಣದಲ್ಲಿ ಕೊನೆಯುಸಿರು ಎಳೆಯುತ್ತಿದ್ದರು. ನೀವು ಊರಲ್ಲಿರಲಿಲ್ಲ. ಕಸ್ತೂರಿ ಅತ್ತೆಯನ್ನು ಕೂರಿಸಿಕೊಂಡು ಕಾರು ತೆಗೆದಳು. ಅರ್ಧ ದಾರಿಯಲ್ಲಿ ಎಂಜಿನ್ ಬಿಗಿದು ಸೀಜ್ ಆಯಿತು. ಅವ್ವ ರೋಣ ಮುಟ್ಟುವಷ್ಟರಲ್ಲಿ ಅಣ್ಣನ ಮಣ್ಣು ಮುಗಿದಿತ್ತು.

"ಆಯಿಲಿನ ಕೆಂಪು ದೀಪ ಹತ್ತಿದ ಕೂಡ್ಲೆ ನಿಲ್ಲಿಸೇನ್ರಿ ಅತ್ತಿ" ಎಂದು ಕಸ್ತೂರಿ ಹೇಳಿದಳು. ಸಾಯುವವರೆಗೂ ಅದನ್ನೇ ಹೇಳಿದಳು. ಯಾರೂ ನಂಬಲಿಲ್ಲ. ಆಯಿಲ್ ನೋಡದೆ ಓಡಿಸಿ ಎಂಜಿನ್ ಸುಟ್ಟಳು ಎಂದೇ ತೀರ್ಮಾನವಾಯಿತು. ನಿಮ್ಮ ಅವ್ವ ಆಮೇಲೆ ಒಂಬತ್ತು ವರ್ಷ ಬದುಕಿದ್ದರು. ಅಷ್ಟೂ ವರ್ಷ ಸೊಸೆಯ ಕೈಯ ನೀರು ಕುಡಿಯಲಿಲ್ಲ. ಕಸ್ತೂರಿ ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ಅವಳ ಮಗಳಿಗೆ ಹಿಡಿಯಲು ಬಿಡಲಿಲ್ಲ. ಆ ಮಗಳು ತನ್ನ ಮಗಳಿಗೆ ಬಿಡಲಿಲ್ಲ. ಹೀಗೇ ನನ್ನವರೆಗೆ ಬಂತು. ಇಪ್ಪತ್ತೆರಡರಲ್ಲಿ ನನಗೆ ಕಾಲುವೆಯ ದೋಣಿ ನಡೆಸುವ ಕೆಲಸ ಸಿಕ್ಕಿತ್ತು, ಪರೀಕ್ಷೆಯಲ್ಲಿ ಗದಗ ಸೀಮೆಗೇ ಮೊದಲನೆಯವಳಾಗಿದ್ದೆ. ಆದೇಶಪತ್ರವನ್ನು ನನ್ನ ಅವ್ವ ಬಾಗಿಲಿನಿಂದಲೇ ವಾಪಸ್ಸು ಕಳಿಸಿದಳು. "ನೂರು ಮಂದಿ ಕೂತಿರ್ತಾರವ್ವಾ ದೋಣ್ಯಾಗ. ನಮ್ಮ ಕೈ ನಂಬಾಕಾಗೂದಿಲ್ಲ" ಎಂದಳು. ನಾನು ಎದುರಾಡಲಿಲ್ಲ. ನನ್ನ ಕೈಯನ್ನು ನಾನೂ ನಂಬುತ್ತಿರಲಿಲ್ಲ. ಮೂವತ್ತೆಂಟು ವರ್ಷ ಆ ದೋಣಿಯಲ್ಲಿ ಪ್ರಯಾಣಿಕರ ಚೀಟಿ ಹರಿದೆ.

ಈಗ ಮೊನ್ನೆಯ ಮಾತು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ನೀವು ಚೇಂಬರ್ ಎನ್ನುತ್ತಿದ್ದದ್ದು, ಅದನ್ನು ಬಿಚ್ಚಲು ನನಗೆ ನಾಲ್ಕು ದಿನ ಹಿಡಿಯಿತು. ಬೋಲ್ಟನ್ನು ಯಾವ ಕಡೆ ತಿರುಗಿಸಬೇಕೆಂದು ತಿಳಿಯಲಿಕ್ಕೇ ಒಂದು ದಿನ ಹೋಯಿತು, ನಗಬೇಡಿ. ತಟ್ಟೆ ಕಳಚಿ ಎದೆಯ ಮೇಲೆ ಬಂತು. ಮೇಲೆ ನೋಡಿದೆ. ಆಯಿಲ್ ಹೀರುವ ಜಾಲರಿಗೆ ಬಟ್ಟೆಯೊಂದು ಸುತ್ತಿಕೊಂಡು, ಒಳಕ್ಕೆ ಎಳೆದುಕೊಂಡು, ಬಾಯಿ ಬಿಗಿದಿತ್ತು. ಕೈ ಒರೆಸುವ ವೇಸ್ಟ್ ಬಟ್ಟೆ. ಹಸಿರು ಚೌಕಳಿ ಲುಂಗಿಯ ತುಂಡು. ಕಸ ಬೀಳದಿರಲೆಂದು ರಿಪೇರಿಯ ಹೊತ್ತಿನಲ್ಲಿ ತುರುಕಿದ್ದು, ಮುಚ್ಚುವಾಗ ತೆಗೆಯಲು ಮರೆತದ್ದು. ಅಯ್ಯೋ ಅಜ್ಜಾ! ಆಯಿಲ್ ಇತ್ತು, ಮೇಲೇರಲಿಲ್ಲ ಅಷ್ಟೇ. ದೀಪ ಹತ್ತಿದ್ದು ನಿಜ, ಅವಳು ನಿಲ್ಲಿಸಿದ್ದೂ ನಿಜ. ಆ ದಿನ ಸ್ಟೇರಿಂಗ್ ಯಾರು ಹಿಡಿದಿದ್ದರೂ ಎಂಜಿನ್ ಸಾಯುತ್ತಿತ್ತು, ನೀವು ಹಿಡಿದಿದ್ದರೂ.

ಮರೆವು ಯಾರಿಗಿಲ್ಲ? ಅಷ್ಟೇ ಆಗಿದ್ದರೆ ನಾನು ಅತ್ತು, ಮುಖ ತೊಳೆದು, ನನ್ನ ಹಿಂದೋಲೆಯನ್ನು ಉಳಿಸಿಕೊಳ್ಳುತ್ತಿದ್ದೆ. ಆದರೆ ಚೇಂಬರಿನ ಅಂಚಿಗೆ ಆಯಿಲ್ ಸೋರದಂತೆ ಕೂಡಿಸಿದ್ದ ಪ್ಯಾಕಿಂಗ್ ಅಂಟಿಕೊಂಡೇ ಬಂದಿತ್ತು. ನೀವದನ್ನು ಮನೆಯಲ್ಲಿದ್ದ ದಪ್ಪ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ್ದಿರಿ. ಒರೆಸಿ ಬೆಳಕಿಗೆ ಹಿಡಿದೆ. ಅಕ್ಷರ ಕಂಡವು. "ಮೇ 10, 2026, ರವಿವಾರ, ಅಕ್ಷತಾರೋಪಣ." ಎಂಜಿನ್ ಸತ್ತದ್ದು ಅದೇ ವರ್ಷದ ಜನವರಿಯಲ್ಲಿ. ರೋಣದ ಆ ಅಣ್ಣನ ಸಮಾಧಿಯ ಕಲ್ಲಿನ ಮೇಲೆ ತಾರೀಖು ಇವತ್ತಿಗೂ ಇದೆ. ಮೇ ತಿಂಗಳ ಪತ್ರಿಕೆ ಅಲ್ಲಿಗೆ ಹೇಗೆ ಬಂತು?

ನೀವು ಮತ್ತೆ ಬಿಚ್ಚಿದ್ದಿರಿ. ನೋಡಿದ್ದಿರಿ. ನೋಡಿ, ಹೊಸ ಪ್ಯಾಕಿಂಗ್ ಕೂಡಿಸಿ, ಬೋಲ್ಟು ಬಿಗಿದು, "ಎಂಜಿನ್ ಸುಟ್ಟೈತಿ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಕೈ ತೊಳೆದುಕೊಂಡಿರಿ. ನಿಮಗೆ ಗೊತ್ತಿತ್ತು! ಅವ್ವ ನೀರಿನ ತಂಬಿಗೆಯನ್ನು ದೂರ ಸರಿಸಿದಾಗಲೆಲ್ಲ ಗೊತ್ತಿತ್ತು. ಮಾವನನ್ನು ನೆನೆದು ನೀವು ಆ ಕಾರನ್ನು ಯಾರಿಗೂ ಮುಟ್ಟಗೊಡಲಿಲ್ಲವೆಂದು ನಮ್ಮ ಮನೆಯಲ್ಲಿ ಇಂದಿಗೂ ನಿಮ್ಮನ್ನು ಹೊಗಳುತ್ತಾರೆ.

ಬಟ್ಟೆಯನ್ನು ಕಿತ್ತೆಸೆದಿದ್ದರೆ ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ಯಾಕೆ ಅಲ್ಲೇ ಬಿಟ್ಟಿರಿ? ಅದನ್ನು ಮುಟ್ಟಲೂ ಹೆದರಿದಿರೋ, ಎಂದಾದರೂ ಯಾರಾದರೂ ನೋಡಲಿ ಎಂದುಕೊಂಡಿರೋ, ನನಗೆ ಬಗೆಹರಿದಿಲ್ಲ. ಎರಡನೆಯದೇ ಇರಲೆಂದು ಆಸೆ. ಆ ಆಸೆಯಿಂದಲೇ ಬರೆಯುತ್ತಿದ್ದೇನೆ.

ನನ್ನ ಮಗಳು ಚಿಗರಿಗೆ ಮೂವತ್ತೊಂಬತ್ತು. ಅವಳನ್ನು ಕರೆದು ಬಟ್ಟೆಯನ್ನೂ ತಾರೀಖನ್ನೂ ತೋರಿಸಿದೆ. ನಿಮಗೆ ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಬಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಯವ್ವಾ, ನಾ ಎಂಟು ವರ್ಷದಾಕಿ ಇದ್ದಾಗ ತೇಲುಬಂಡಿ ಏರಿದ್ದಕ್ಕ ನೀನೂ ಕಸ್ತೂರಿ ಕೈ ಅಂದಿದ್ದಿ. ಅವತ್ತಿಂದ ನಾ ಏನೂ ಮುಟ್ಟಿಲ್ಲ" ಎಂದಳು. ನನಗೆ ನೆನಪೇ ಇರಲಿಲ್ಲ. ಅವಳಿಗೆ ಒಂದಕ್ಷರ ಬಿಡದೆ ನೆನಪಿತ್ತು. ಆಮೇಲೆ ನಾನು ಅಂಗಳದಲ್ಲಿ ಸುಮ್ಮನೆ ಅಡ್ಡಾಡಿದೆ, ನೀರು ಕುಡಿದೆ, ಸ್ಪ್ಯಾನರುಗಳನ್ನು ಸಣ್ಣದು ದೊಡ್ಡದೆಂದು ಜೋಡಿಸಿಟ್ಟೆ. ಮಾತು ಹೊರಡಲು ಮಧ್ಯಾಹ್ನವಾಯಿತು.

ನೀವೀಗ ಆ ಎರಡನೆಯ ಸಲ ಕಾರಿನ ಕೆಳಗಿದ್ದೀರಿ. ಚೇಂಬರ್ ತೆರೆದಿದೆ, ಕತ್ತರಿ ನಿಮ್ಮ ಕೈಯಲ್ಲಿದೆ. ಇದರ ಜೊತೆಗಿರುವ ಪ್ಯಾಕಿಂಗಿನ ತುಂಡನ್ನು ನೀವು ಈಗಷ್ಟೇ ಕತ್ತರಿಸಿದ ತುಂಡಿನ ಪಕ್ಕ ಇಟ್ಟು ನೋಡಿ. ನಾನು ಸುಳ್ಳು ಹೇಳುತ್ತಿಲ್ಲವೆಂದು ತಿಳಿಯುತ್ತದೆ. ನೀವು ಬಾಯಿ ಬಿಟ್ಟರೆ ನಾನು ಬೇರೆಯೇ ಮುಗಿಲವ್ವ ಆಗಬಹುದು, ಈ ಕಾಗದ ಬರೆದವಳೇ ಇಲ್ಲದಂತಾಗಬಹುದು. ಆಗಲಿ. ಎದ್ದು ಬನ್ನಿ. ಕಸ್ತೂರಿ ಒಳಗೆ ರೊಟ್ಟಿ ಬಡಿಯುತ್ತಿರಬೇಕು, ಅವಳನ್ನು ಕರೆಯಿರಿ. ಅವಳೊಬ್ಬಳಿಗೇ ಗುಟ್ಟಾಗಿ ಹೇಳಿ ಮುಗಿಸಬೇಡಿ. ಅವ್ವನನ್ನೂ ಕರೆದು ಕೂರಿಸಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂವರ ಮುಂದೆ ಹೇಳಿ. ನಾನು ಅರವತ್ತಮೂರರಲ್ಲಿ, ಮಗಳ ಕೈ ಹಿಡಿದುಕೊಂಡು ಹೇಳಿದೆ. ನಾಲಿಗೆ ಒಣಗುತ್ತದೆ, ಪ್ರಾಣ ಹೋಗುವುದಿಲ್ಲ. ಎರಡೇ ಪದ ಅಜ್ಜಾ: "ತಪ್ಪು ನಂದು."

ಮುಗಿಲವ್ವ