ಮರಳಿ ಬರುವವರಿಗೆ ಎರಡು ಜಾಗ

ಏಪ್ರಿಲ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಬೆಕ್ಕೇ,

ಈ ಹೆಸರಿನಿಂದ ನಿನ್ನನ್ನು ಕರೆಯುವವರು ಈಗ ಯಾರೂ ಇರಲಿಕ್ಕಿಲ್ಲ. ಶಾಲೆಯಲ್ಲಿ ಮಕ್ಕಳು ಮೇಡಂ ಅನ್ನುತ್ತಾರೆ, ಮನೆಯಲ್ಲಿ ಮಗಳು ಅಮ್ಮ ಅನ್ನುತ್ತಾಳೆ. ಆದರೆ ಈ ಪರದೇಶದ ಹಾಸ್ಟೆಲಿನಲ್ಲಿ ಹೀಟರಿನ ಪಕ್ಕದ ಜಾಗವನ್ನು ಒಂದು ದಿನವೂ ನನಗೆ ಬಿಟ್ಟುಕೊಡದೆ ಮುದುರಿ ಮಲಗುತ್ತಿದ್ದವಳಿಗೆ ನಾನಿಟ್ಟ ಹೆಸರು ಅದು. ವಾಪಸ್ ತೆಗೆದುಕೊಳ್ಳುವ ಯೋಚನೆಯಿಲ್ಲ.

ಈ ಕಾಗದ ಉದ್ದವಾಗುತ್ತದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ನಾನು ಸಂಶೋಧನೆಯ ಮಾತೆತ್ತಿದ ಕೂಡಲೇ ನೀನು, ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೇ, ಎಂದು ಫೋನ್ ಇಟ್ಟುಬಿಡುತ್ತೀಯ. ಇಷ್ಟು ವರ್ಷಗಳಲ್ಲಿ ನಿನ್ನ ಮನೆಯಲ್ಲಿ ಅದೆಷ್ಟು ಹಾಲು ಉಕ್ಕಿದೆಯೋ! ಕಾಗದವನ್ನು ಹಾಗೆ ಮಧ್ಯದಲ್ಲಿ ಕತ್ತರಿಸಲಾಗುವುದಿಲ್ಲ. ಕೂತು ಓದು.

ನೀನು ಊರಿಗೆ ವಾಪಸಾದ ಮೇಲೆ ನಾನು ಇಲ್ಲೇ ಉಳಿದು ಸೇರಿದ ಈ ಜಲವಿಜ್ಞಾನ ಸಂಸ್ಥೆಯನ್ನು ನೀನು ನೋಡಿಲ್ಲ. ಎರಡು ಮಹಡಿ, ಮನಸ್ಸು ಬಂದಾಗ ಮಾತ್ರ ಮೇಲೇಳುವ ಒಂದು ಲಿಫ್ಟು, ಕಾರಿಡಾರಿನ ತುಂಬ ಹೊಳೆ ನೀರಿನ ವಾಸನೆ. ಕಳೆದ ವರ್ಷ ಒಂದು ದಿನ ನಿರ್ದೇಶಕರು ನನ್ನ ಕೋಣೆಗೆ ಬಂದು, ಕುರ್ಚಿಯ ಮೇಲಿದ್ದ ಸೀಸೆಗಳನ್ನು ತಾವೇ ಎತ್ತಿ ಕೆಳಗಿಟ್ಟು ಕೂತರು. ಅವರು ಕೂತರೆಂದರೆ ನಮಗೊಂದು ಕೆಲಸ ಅಂಟಿತೆಂದೇ ಅರ್ಥ. ಹಲವು ದೇಶಗಳು ಸೇರಿ ನಡೆಸುವ ವಿಜ್ಞಾನ ನಿಧಿಯೊಂದು ಅರ್ಜಿ ಕರೆದಿತ್ತು. ಹೊರದೇಶಗಳ ಸಂಶೋಧಕರನ್ನು ಕರೆಸಿ, ಎರಡು ವರ್ಷ ಇಟ್ಟುಕೊಂಡು, ಅವರವರ ಸಂಶೋಧನೆ ಮಾಡಲು ಬಿಡುವ ಫೆಲೋಶಿಪ್ ಕಾರ್ಯಕ್ರಮವನ್ನು ಯಾವುದಾದರೂ ಸಂಸ್ಥೆ ತಾನೇ ನಡೆಸುವುದಾದರೆ, ಖರ್ಚಿನ ಅರ್ಧ ಭಾಗ ನಿಧಿಯದು. ಉಳಿದರ್ಧವನ್ನು ಸಂಸ್ಥೆ ತನ್ನ ಪಾಲುದಾರರ ಜೊತೆ ಸೇರಿ ಹೊಂದಿಸಬೇಕು.

"ಅರ್ಧ ಅವ್ರದ್ದು, ಅರ್ಧ ನಮ್ದು. ಬರೆಯೋ ಕೆಲ್ಸ ಮಾತ್ರ ಪೂರ್ತಿ ನಿಮ್ದು," ಎಂದು ನಕ್ಕರು ನಿರ್ದೇಶಕರು.

ನನ್ನ ಜೊತೆಗೆ ಒಬ್ಬ ಕಿರಿಯ ವಿಜ್ಞಾನಿಯನ್ನು ಹಾಕಿದರು. ಸಂಸ್ಥೆಯಲ್ಲಿ ಅವಳನ್ನು ಎಲ್ಲರೂ ಪಟಾಕಿ ಎನ್ನುತ್ತಾರೆ. ಕಿಡಿ ತಾಗಿಸಬೇಕಾಗಿಲ್ಲ, ಹತ್ತಿರ ಹೋದರೆ ಸಾಕು. ಹತ್ತು ಜನ ಫೆಲೋಗಳ ಕಾರ್ಯಕ್ರಮ ಎಂದು ನಿಶ್ಚಯಿಸಿದೆವು. ಯಾರು ಅರ್ಜಿ ಹಾಕಬಹುದು ಎಂಬ ಭಾಗವನ್ನು ಪಟಾಕಿ ಬರೆದು ತಂದಳು. ಬೇರೆ ಕಾರ್ಯಕ್ರಮಗಳಲ್ಲಿ ಇರುವಂತೆಯೇ ಇತ್ತು: ಪಿಎಚ್‌ಡಿ ಮುಗಿದು ಇಂತಿಷ್ಟೇ ವರ್ಷ ಆಗಿರಬೇಕು, ನಡುವೆ ಬಿಡುವು ಇರಬಾರದು. ನಾನು ಆ ಸಾಲುಗಳನ್ನು ಹೊಡೆದುಹಾಕಿದೆ. ಹೆರಿಗೆ, ಮನೆಯವರ ಆರೈಕೆ, ಕಾಯಿಲೆ, ಯುದ್ಧ, ಯಾವ ಕಾರಣಕ್ಕೇ ಆಗಲಿ ಸಂಶೋಧನೆಯಿಂದ ದೂರವಿದ್ದ ಕಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಬರೆದೆ. ಅಂಥವರಿಗೆಂದೇ ಎರಡು ಜಾಗ ತೆಗೆದಿಟ್ಟೆ. ಫೆಲೋಗಳ ಕುಟುಂಬಕ್ಕೆ ಮನೆ, ಪ್ರಯಾಣದ ಖರ್ಚು, ಮಗುವಿದ್ದರೆ ಅದನ್ನು ನೋಡಿಕೊಳ್ಳುವ ವ್ಯವಸ್ಥೆ, ಎಲ್ಲವನ್ನೂ ಸೇರಿಸಿದೆ.

ಪಟಾಕಿ ಓದಿ ತಲೆಯೆತ್ತಿದಳು. "ಮೇಡಂ, ಇದು ಯಾರನ್ನೋ ಮನಸ್ಸಲ್ಲಿಟ್ಕೊಂಡು ಬರ್ದ ಹಾಗಿದೆ."

ಹೌದು ಎಂದೆ. ಕ್ಯಾಂಟೀನಿನಲ್ಲಿ ಕೂತು ಅವಳಿಗೆ ನಿನ್ನ ಕಥೆ ಹೇಳಿದೆ. ನಿನ್ನ ಅಪ್ಪಣೆ ಕೇಳದೆ ಹೇಳಿದೆ, ಬೈದುಕೋ. ನಮ್ಮಿಬ್ಬರಿಗೂ ಒಂದೇ ವರ್ಷ ಫೆಲೋಶಿಪ್ ಸಿಕ್ಕಿದ್ದು, ನಾವು ಹೊಳೆಯ ಕೆಸರಿನಲ್ಲಿ ಡಯಾಟಮ್ ಹುಡುಕುತ್ತಿದ್ದದ್ದು. ಗಾಜಿನ ಚಿಪ್ಪು ಹೊದ್ದ, ಕಣ್ಣಿಗೆ ಕಾಣದ ಪಾಚಿ ಅದು ಎಂದು ಹೊರಗಿನವರಿಗೆ ಹೇಳಿ ಹೇಳಿ ನಮಗೆ ಬಾಯಿಪಾಠವಾಗಿತ್ತಲ್ಲ! ನಾನು ಒಂದು ಜಾತಿ ಗುರುತಿಸುವಷ್ಟರಲ್ಲಿ ನೀನು ಅದರ ಚಿತ್ರ ಬರೆದು, ಅದಕ್ಕೊಂದು ಅಡ್ಡಹೆಸರಿಟ್ಟು, ಮುಂದಿನದಕ್ಕೆ ಹೋಗಿರುತ್ತಿದ್ದೆ. ಆಮೇಲೆ ನಿನ್ನ ಗಂಡನ ಕಾಯಿಲೆ, ಅವರು ಹೋದದ್ದು, ಕೈಕೂಸನ್ನು ಎತ್ತಿಕೊಂಡು ನೀನು ಊರಿನಿಂದ ಹಾಸ್ಟೆಲಿಗೆ ಮರಳಿ ಬಂದದ್ದು. ಆಫೀಸಿನ ಆ ಹೆಂಗಸು ನಿಯಮದ ಪುಸ್ತಕ ತೆರೆದು, ಫೆಲೋಶಿಪ್ ಇರುವುದು ನಿಮಗೆ, ಮಗುವಿಗಲ್ಲ ಎಂದದ್ದು. ಅವಳು ಕೆಟ್ಟವಳೇನಲ್ಲ. ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಆ ಪುಸ್ತಕದಲ್ಲಿ ನಿನ್ನಂಥವಳಿಗೆ ಒಂದು ಸಾಲೂ ಇರಲಿಲ್ಲ, ಅಷ್ಟೇ.

ಟೀ ಆರಿಹೋಗಿತ್ತು. ಎದ್ದು ಹೋಗುವಾಗ ಪಟಾಕಿ, "ಆ ಭಾಗ ಯಾರು ತೆಗೀತೀನಿ ಅಂದ್ರೂ ನಾನು ಬಿಡೋದಿಲ್ಲ ಮೇಡಂ," ಎಂದಳು.

ತೆಗೆಯುವ ಸಂದರ್ಭ ಬೇಗನೆ ಬಂತು. ನಮ್ಮ ಪಾಲಿನ ಅರ್ಧದಲ್ಲಿ ದೊಡ್ಡ ಭಾಗ ಕೊಡುತ್ತೇನೆಂದಿದ್ದ ಒಂದು ಔಷಧ ಕಂಪನಿಯಲ್ಲಿ ಮುಖ್ಯಸ್ಥರು ಬದಲಾದರು. ಹೊಸಬರು ಎರಡು ಸಾಲಿನ ಮಿಂಚಂಚೆ ಕಳಿಸಿ ಕೈತೊಳೆದುಕೊಂಡರು. ಅರ್ಜಿ ಸಲ್ಲಿಸುವ ಗಡುವು ಹತ್ತಿರವೇ ಇತ್ತು. ನಿರ್ದೇಶಕರು ನಮ್ಮಿಬ್ಬರನ್ನೂ ಕರೆದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ, ನಂಗೂ ಇಷ್ಟ ಇಲ್ಲ. ಆದ್ರೆ ಕುಟುಂಬದ ಖರ್ಚು, ಆ ಎರಡು ಜಾಗ, ಇಷ್ಟನ್ನ ತೆಗೆದ್ರೆ ಲೆಕ್ಕ ಸರಿಹೋಗುತ್ತೆ. ಇಲ್ಲಾಂದ್ರೆ ಅರ್ಜಿನೇ ಇಲ್ಲ."

ನಾನು ಒಂದು ವಾರ ಕೊಡಿ ಎಂದೆ. ಹತ್ತು ಜನರ ಬದಲು ಎಂಟು ಜನ ಮಾಡೋಣ, ಆದರೆ ಆ ಎರಡು ಜಾಗ ಆ ಎಂಟರ ಒಳಗೇ ಇರಲಿ, ಕುಟುಂಬದ ಖರ್ಚೂ ಇರಲಿ, ಉಳಿದ ಪಾಲುದಾರರನ್ನು ನಾನು ಹುಡುಕುತ್ತೇನೆ ಎಂದೆ. ಎಲ್ಲಿಂದ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು, ಸರಿ ಎಂದರು.

ಆ ವಾರ ನಾನು ಹತ್ತದ ಮೆಟ್ಟಿಲಿಲ್ಲ. ಒಂದು ಕಡೆ ಕಾಫಿ ಕೊಟ್ಟು ಕಳಿಸಿದರು, ಇನ್ನೊಂದು ಕಡೆ ಕಾಫಿಯನ್ನೂ ಕೊಡಲಿಲ್ಲ. ಕೊನೆಗೆ ಪಟಾಕಿಯೇ ದಾರಿ ಹುಡುಕಿದಳು. ಊರಿಗೆ ಕುಡಿಯುವ ನೀರು ಕೊಡುವ ಶುದ್ಧೀಕರಣ ಘಟಕದ ಫಿಲ್ಟರುಗಳು ಚಳಿ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಕಟ್ಟಿಕೊಳ್ಳುತ್ತವೆ, ಅಲ್ಲಿಯ ಮುಖ್ಯ ಎಂಜಿನಿಯರಿಗೆ ಅದೇ ತಲೆನೋವು ಎಂದು ಎಲ್ಲೋ ಕೇಳಿ ಬಂದಳು. ನಾವು ಸೂಕ್ಷ್ಮದರ್ಶಕವನ್ನು ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿಗೆ ಕಟ್ಟುವಂತೆ ಬೆಲ್ಟು ಕಟ್ಟಿ ಕೂರಿಸಿಕೊಂಡು ಹೊರಟೆವು.

ಎಂಜಿನಿಯರು ಮಹಾ ಸಿಡುಕ. ಬೂಟಿನ ತುಂಬ ಕೆಸರು, ಕೈಯಲ್ಲಿ ಸ್ಪ್ಯಾನರು. ನಾನು ಫೆಲೋಶಿಪ್ಪಿನ ಮಹತ್ವ ವಿವರಿಸಲು ಶುರುಮಾಡಿದೆ. ಎರಡನೇ ವಾಕ್ಯಕ್ಕೇ ತಡೆದರು. "ಅಮ್ಮಾ, ನಂಗೆ ನೀರು ಹರೀಬೇಕು. ನಿಮ್ಮ ವಿದ್ವಾಂಸರನ್ನ ಇಟ್ಕೊಂಡು ನಾನೇನು ಮಾಡ್ಲಿ?"

ನಾನು ವಾದಿಸಲಿಲ್ಲ. ಅವರದೇ ಫಿಲ್ಟರಿನ ಮೇಲಿಂದ ಕೆರೆದ ಲೋಳೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಕಿಟಕಿಯ ಕಟ್ಟೆಯ ಮೇಲೆ ಸೂಕ್ಷ್ಮದರ್ಶಕ ಇಟ್ಟು, ನೋಡಿ ಎಂದೆ. ಅವರು ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಕ್ಷತ್ರದ ಹಾಗೆ ಕೈಚಾಚಿ ಒಂದಕ್ಕೊಂದು ಅಂಟಿಕೊಂಡ ಡಯಾಟಮ್‌ಗಳು ರಾಶಿ ರಾಶಿಯಿದ್ದವು.

"ಇಷ್ಟು ಚೆಂದ ಇರೋದಾ ನನ್ನ ಫಿಲ್ಟರನ್ನ ಮುಚ್ಚಿಹಾಕ್ತಿರೋದು?" ಎಂದರು, ಇನ್ನೂ ಬಗ್ಗಿಕೊಂಡೇ.

ಇವು ಯಾವಾಗ ಉಕ್ಕುತ್ತವೆ ಎಂದು ಮೊದಲೇ ಹೇಳಬಲ್ಲವರು ಪ್ರಪಂಚದಲ್ಲಿ ಕೆಲವರಿದ್ದಾರೆ, ಅವರಲ್ಲೊಬ್ಬರು ನಿಮ್ಮಲ್ಲಿ ಬಂದು ಆರು ತಿಂಗಳು ಕೂತರೆ ನೀವು ಮುಂಚೆಯೇ ಸಿದ್ಧರಾಗಬಹುದು ಎಂದೆ. ಆರು ತಿಂಗಳು ಸಾಲದು, ಒಂದು ವರ್ಷ ಇರಲಿ ಎಂದರು. ಅಷ್ಟು ಹೊತ್ತಿಗೆ ಪಟಾಕಿ ಒಪ್ಪಂದದ ಕರಡನ್ನು ಚೀಲದಿಂದ ಹೊರತೆಗೆದಿದ್ದಳು. ಅವಳ ಕಾಲು ತುಳಿದು ಸುಮ್ಮನಿರಿಸಿದೆ. ಅವರ ಆಡಳಿತ ಮಂಡಳಿ ಒಪ್ಪಬೇಕಿತ್ತು. ಒಪ್ಪಿತು. ನಮ್ಮ ಅರ್ಧ ತುಂಬಿತು.

ಇನ್ನು ಸಂದರ್ಶನದ ಮಾತು. ನಿಧಿಯವರು ಪರೀಕ್ಷಕರ ಮುಂದೆ ನಮ್ಮನ್ನು ಕೂರಿಸಿದರು. ನಿರ್ದೇಶಕರ ಟೈ ಎರಡು ಸಲ ಬಿಚ್ಚಿ ಕಟ್ಟಿದ್ದಾಯಿತು. ಹಣದ ಪ್ರಶ್ನೆ, ಆಯ್ಕೆಯ ಪ್ರಶ್ನೆ ಎಲ್ಲ ಸುಸೂತ್ರ ಕಳೆದವು. ಆಮೇಲೆ ತುದಿಯಲ್ಲಿ ಕೂತಿದ್ದ, ಬೆಳ್ಳಗಿನ ಗಿಡ್ಡ ಕೂದಲಿನ ಪರೀಕ್ಷಕಿ ನನ್ನತ್ತ ತಿರುಗಿದರು. ಸಂಶೋಧನೆ ಬಿಟ್ಟು ಬಹಳ ವರ್ಷವಾದವರಿಗೆ ಎರಡು ಜಾಗ ಇಟ್ಟಿದ್ದೀರಿ, ಇದು ವಿಜ್ಞಾನದ ಕಾರ್ಯಕ್ರಮವೋ ಅನುಕಂಪದ ಕಾರ್ಯಕ್ರಮವೋ ಎಂದು ಕೇಳಿದರು.

ನಾನು ಸಿದ್ಧಮಾಡಿಕೊಂಡಿದ್ದ ಉತ್ತರದಲ್ಲಿ ಅಂಕಿ ಅಂಶಗಳಿದ್ದವು ಕಣೇ. ಅವು ಒಂದೂ ಬಾಯಿಗೆ ಬರಲಿಲ್ಲ. ನನಗಿಂತ ಮೇಲಾದ ಕಣ್ಣಿದ್ದ ಒಬ್ಬಳು ಗೆಳತಿ ಇದ್ದಳು, ಅವಳು ಹೋದ ಮೇಲೆ ನಮ್ಮ ವಿಭಾಗದಲ್ಲಿ ಗುರುತಿಸಲಾಗದ ಮಾದರಿಗಳ ಪೆಟ್ಟಿಗೆ ತುಂಬುತ್ತಲೇ ಹೋಯಿತು, ಇವತ್ತಿಗೂ ಅದರಲ್ಲಿ ಹೆಸರಿಲ್ಲದವು ಇವೆ ಎಂದೆ. ಅವಳನ್ನು ಕಳೆದುಕೊಂಡದ್ದರಿಂದ ನಷ್ಟವಾದದ್ದು ವಿಜ್ಞಾನಕ್ಕೆ, ಆ ನಷ್ಟ ತುಂಬಿಸಿಕೊಳ್ಳಲು ಕೇಳುತ್ತಿದ್ದೇವೆಯೇ ಹೊರತು ಯಾರ ಮೇಲೂ ಕರುಣೆಯಿಂದಲ್ಲ ಎಂದೆ. ನಿರ್ದೇಶಕರು ನೀರಿನ ಲೋಟ ನನ್ನ ಮುಂದೆ ಸರಿಸಿದರು. ಪರೀಕ್ಷಕಿ ಏನೋ ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಹೊರಗೆ ಬಂದು ನಾನು, ಕೆಡಿಸಿಬಿಟ್ಟೆ ಸಾರ್ ಎಂದೆ. ಅವರು, ಬನ್ನಿ ಏನಾದರೂ ತಿನ್ನೋಣ ಎಂದರು. ಅದರಿಂದ ಅವರಿಗೂ ಹಾಗೇ ಅನ್ನಿಸಿದೆ ಎಂದು ತಿಳಿಯಿತು.

ಕೆಟ್ಟಿರಲಿಲ್ಲ. ಕಳೆದ ತಿಂಗಳು ಮಂಜೂರಾತಿ ಬಂತು. ಎಂಟೂ ಜಾಗ, ಕುಟುಂಬದ ಖರ್ಚು, ಆ ಎರಡು ಜಾಗದ ನಿಯಮ, ಯಾವುದನ್ನೂ ಕತ್ತರಿಸಿಲ್ಲ. ಪಟಾಕಿ ಕಾರಿಡಾರಿನಲ್ಲಿ ಕೂಗಿದ ಕೂಗಿಗೆ ಮೇಲಿನ ಮಹಡಿಯವರು ಬೆಂಕಿ ಬಿದ್ದಿದೆಯೆಂದು ಇಳಿದು ಬಂದರು.

ಮರುದಿನವೇ ನಿರ್ದೇಶಕರು ಕಾರ್ಯಕ್ರಮದ ಮುಖ್ಯಸ್ಥೆಯ ಹುದ್ದೆ ನನಗೆ ಎಂದರು. ಮೂಲೆಯ ದೊಡ್ಡ ಕೋಣೆ, ಬಾಗಿಲಿನ ಮೇಲೆ ನನ್ನ ಹೆಸರು. ನಾನು ಬೇಡವೆಂದೆ. ಮುಖ್ಯಸ್ಥೆಯಾದವಳು ಆಯ್ಕೆಯ ಸಭೆಗಳಲ್ಲಿ ಇರಬೇಕಾಗುತ್ತದೆ, ಅಲ್ಲಿರುವವರ ಆಪ್ತರು ಅರ್ಜಿ ಹಾಕುವಂತಿಲ್ಲ. ನನ್ನ ಆಪ್ತಳೊಬ್ಬಳು ಅರ್ಜಿ ಹಾಕಬಹುದು ಎಂದು ಅವರಿಗೆ ನೇರವಾಗಿ ಹೇಳಿದೆ. ಈಗ ಪಟಾಕಿ ಮುಖ್ಯಸ್ಥೆ. ಆಯ್ಕೆ ಮಾಡುವವರು ಹೊರಗಿನ ಮೂವರು, ನಿನ್ನ ಪರಿಚಯವಾಗಲಿ ನನ್ನ ಪರಿಚಯವಾಗಲಿ ಇಲ್ಲದವರು. ಪಟಾಕಿಗೆ ನಿನ್ನ ಕಥೆ ಗೊತ್ತಿದೆಯಲ್ಲ, ಹಾಗಾಗಿ ನೀನು ಅರ್ಜಿ ಹಾಕಿದರೆ ನಿನ್ನ ಸರದಿ ಬಂದಾಗ ಅವಳೂ ಎದ್ದು ಹೊರಗೆ ಹೋಗುತ್ತಾಳೆ. ಇದನ್ನೂ ಬರಹದಲ್ಲೇ ಮಾಡಿಟ್ಟಿದ್ದೇವೆ. ಆ ಕೋಣೆಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ಹೊಟ್ಟೆಯುರಿಯುತ್ತದೆ, ಸುಳ್ಳು ಹೇಳಲಾರೆ. ಆಮೇಲೆ ನನ್ನ ಸೀಸೆಗಳ ಹತ್ತಿರ ಹೋಗಿ ಕೂರುತ್ತೇನೆ, ಸರಿಹೋಗುತ್ತದೆ.

ನಿನಗೆ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ಸಿಗದಿದ್ದರೆ ನಾನು ಏನೂ ಮಾಡಲಾರೆ, ಮಾಡುವುದೂ ಇಲ್ಲ. ಆದರೆ ಕೇಳುವ ಹಕ್ಕು ಈಗ ನಿನಗಿದೆ, ನಿಯಮದ ಪುಸ್ತಕದಲ್ಲಿ ಒಂದು ಸಾಲಿದೆ. ಮುಂದಿನ ತಿಂಗಳು ಅರ್ಜಿ ಕರೆಯುತ್ತಾರೆ. ಶಾಲೆಗೆ ರಜೆ ಕೇಳಬೇಕು, ಈ ವಯಸ್ಸಿನಲ್ಲಿ ಯಾರಾದರೂ ನಗುತ್ತಾರೆ, ಮರೆತುಹೋಗಿದೆ ಎಂದೆಲ್ಲ ನೀನು ಬರೆಯುತ್ತೀಯೆಂದು ಗೊತ್ತು. ಬರಿ, ಎಲ್ಲ ಬರಿ. ಬರೆದು ಮುಗಿಸಿದ ಮೇಲೆ ಅರ್ಜಿಯನ್ನೂ ಬರಿ.

ನಿನ್ನ,
ಕಡ್ಡಿ
(ಕಡ್ಡಿ ಈಗ ಸಾಕಷ್ಟು ದಪ್ಪವಾಗಿದೆ. ನೋಡಿದಾಗ ನಗಬೇಡ.)

ತಾ.ಕ.: ನಿನ್ನ ಮಗಳನ್ನು ಬೈಯಬೇಡ. ಔಷಧ ಕಂಪನಿ ಕೈಕೊಟ್ಟಾಗ ನಾನೂ ಸೋತು ಕೂತಿದ್ದೆ. ನಿರ್ದೇಶಕರ ಮುಂದೆ ಹಟ ಹಿಡಿದದ್ದು ನನ್ನ ಧೈರ್ಯದಿಂದಲ್ಲ. ಅವತ್ತು ಬೆಳಿಗ್ಗೆ ಅವಳ ಫೋನ್ ಬಂದಿತ್ತು. "ಆಂಟಿ, ಫ್ರಿಜ್ಜಲ್ಲಿ ತರಕಾರಿ ಇಡೋಕೆ ಜಾಗ ಇಲ್ಲ, ಬರೀ ಕೆಸರು ನೀರಿನ ಬಾಟ್ಲಿ. ಅಮ್ಮ ಸೇತುವೆ ಕೆಳಗಿಂದ ತರ್ತಾನೇ ಇರ್ತಾಳೆ. ಕಪಾಟಿನ ತುಂಬ ಗಾಜಿನ ಪಟ್ಟಿ, ಚಿತ್ರ. ಯಾರ್ಗೂ ತೋರ್ಸಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡಿ," ಎಂದಳು. ಯಾವಾಗಿನಿಂದ ಎಂದು ಕೇಳಿದೆ. "ನಂಗೆ ನೆನಪಿರೋವಾಗಿಂದ," ಎಂದಳು. ಬೆಕ್ಕೇ, ಒಂದೇ ಹೊಳೆಯ, ಒಂದೇ ಜಾಗದ, ಅಷ್ಟು ವರ್ಷಗಳ ಮಾದರಿ ನಮ್ಮ ಸಂಸ್ಥೆಯಲ್ಲೂ ಇಲ್ಲ. ಅರ್ಜಿಯಲ್ಲಿ ಅದನ್ನೇ ಮೊದಲು ಬರಿ.