ಒರೆಸಿಟ್ಟ ನೆಲ

ಗುರುವಾರ, ನವೆಂಬರ್ ೧೪

ಮಗನ ಪಿಕಪ್ ಗಾಡಿಯ ಕೊರಗು ಇನ್ನೂ ಕಿವಿಯಲ್ಲಿದೆ. ವೇಗ ಹೆಚ್ಚಿಸಿದೊಡನೆ ಕುಂಯ್ಯೆಂದು ಮೊರೆಯುವುದು, ಕಾಲು ತೆಗೆದರೆ ಮೌನ. ಇಂದು ಮೆಕ್ಯಾನಿಕ್ ಮನೆಗೇ ಬಂದು ಓಡಿಸಿ ನೋಡಿ, ಹಿಂದಿನ ಚಕ್ರಗಳ ನಡುವಿನ ಆಕ್ಸಲ್‌ನ ಗೇರುಗಳು ಎಣ್ಣೆಯಿಲ್ಲದೆ ಸವೆಯುತ್ತಿವೆಯೆಂದು ನಿರ್ಣಯಿಸಿದ.

"ನಿಲ್ಲಿಸೋ ಜಾಗದಲ್ಲಿ ತೊಟ್ಟಿಕ್ಕಿತ್ತಾ?"

"ಒಂದು ಹನೀನೂ ಇಲ್ಲ. ನೆಲ ಕನ್ನಡಿ ಇದ್ದಂಗಿದೆ, ನೋಡಿ," ಎಂದ ಮಗ, ಹನ್ನೊಂದು ವರ್ಷದಿಂದಿರುವ ಚಾಲಕನತ್ತ ತಿರುಗಿದ. "ಎಣ್ಣೆ ಗಾಡಿಗೆ ಹಾಕಿಸಿದ್ಯೋ, ನೀನೇ ಕುಡಿದ್ಯೋ? ನಾಳೆಯಿಂದ ಬರಬೇಡ."

"ಹಾಕಿಸಿದ್ದೀನಿ ಅಣ್ಣ, ದೇವರಾಣೆ! ದೊಡ್ಡೋರೇ, ನೀವಾದ್ರೂ ಹೇಳಿ."

ನಾನು ಜಪಮಣಿ ಎಣಿಸುತ್ತ ನಿಂತೆ.

ಜಪಕ್ಕೆ ಕೂರುವ ಜಗಲಿಯೆದುರು ಕಲೆ ಕಾಣಬಾರದೆಂದು, ತಿಂಗಳಿನಿಂದ ಪ್ರತಿ ಮುಂಜಾನೆ ಎಲ್ಲರೂ ಏಳುವ ಮುನ್ನ ಅಲ್ಲಿ ನಿಲ್ಲುವ ಗಾಡಿಯಿಂದ ಬಿದ್ದ ಎಣ್ಣೆಯ ಹನಿಗಳನ್ನೂ, ಬಾಗಿದರೆ ಕೈಗೆಟುಕುವ ಗಾಡಿಯಡಿಯ ಜಿಡ್ಡನ್ನೂ ಒರೆಸುತ್ತ ಬಂದವನು ನಾನೇ. ನುಡಿದರೆ ಮಗನೆದುರು ತಲೆ ತಗ್ಗುವುದು. ನುಡಿಯದಿದ್ದರೆ ನಿರಪರಾಧಿಯ ಅನ್ನ ಹೋಗುವುದು. ಅರವತ್ತು ವರ್ಷ ಸತ್ಯವನ್ನು ಬೋಧಿಸಿದ ನಾಲಗೆ ಅಡಕತ್ತರಿಯಲ್ಲಿ ಸಿಕ್ಕಿದೆ.

ನಾಳೆ ಒರೆಸದೆ ಬಿಡುವೆ, ಕಲೆಯನ್ನು ಮಗನೇ ಕಾಣಲಿ ಎಂದು ಈಗಷ್ಟೇ ನಿಶ್ಚಯಿಸಿ ದೀಪ ಆರಿಸಹೊರಟಿದ್ದೆ. ಆದರೆ ಮೆಕ್ಯಾನಿಕ್ ಹೇಳಿಯೇ ಹೋದನಲ್ಲ, ತೊಟ್ಟಿಕ್ಕಲು ಗಾಡಿಯಲ್ಲಿ ಇನ್ನು ಎಣ್ಣೆಯೇ ಉಳಿದಿಲ್ಲವೆಂದು.