‘ಕೂಸು’ ಅನ್ನಬೇಡಿ

ಗದಗ, ಫೆಬ್ರವರಿ ಮೂವತ್ತು, ೨೨೪೧

ಇನ್ನೂ ಹುಟ್ಟದ ದಾನಮ್ಮನಿಂದ, ಇಂದು ಬದುಕಿರುವ ಹಿರಿಯರಿಗೆ ಶರಣು. ಫೆಬ್ರವರಿಗೆ ಈಗ ಮೂವತ್ತು ದಿನ, ನಗಬೇಡಿ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಸಿಟ್ಟು ಮಾತ್ರ ನಿಮಗೂ ಅರ್ಥವಾದೀತು.

ನನ್ನ ತಂಗಿ ಕಲ್ಲವ್ವನ ಅಸ್ಥಿಮಜ್ಜೆ ಕೆಟ್ಟಿತ್ತು. ಅದನ್ನು ಔಷಧಿಯಿಂದ ಪೂರ್ತಿ ಅಳಿಸಿ, ಹೊಸ ರಕ್ತ ಹುಟ್ಟಿಸುವ ನನ್ನ ಕಾಂಡಕೋಶಗಳನ್ನು ಅವಳ ರಕ್ತಕ್ಕೆ ಇಳಿಸಿದರು. ಹಳೆಯ ಮಜ್ಜೆಯ ಜೊತೆ, ರೋಗಗಳ ಬಗ್ಗೆ ಅವಳ ಮೈ ಕಲಿತಿದ್ದೆಲ್ಲ ಹೋಯಿತು. ಬಾಲ್ಯದ ಲಸಿಕೆಗಳೂ ಲೆಕ್ಕಕ್ಕಿಲ್ಲ. ಜನ ಹುಷಾರಾಗಿರಲಿ ಎಂದು ನಿಮ್ಮ ಕಾಲದ ವೈದ್ಯರು ಇಂಥವರನ್ನು ‘ಕೂಸು’ ಎಂದು ಕರೆದರಂತೆ.

ಎಂಥ ಕೆಲಸ ಮಾಡಿದಿರಿ! ಕೂಸು ಅಂದಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ನೋಡಲು ಬರುತ್ತಾರೆ. ಈಗ ಅದೇ ಒಂದು ಹಬ್ಬ. ರೋಗಿಯ ಕೋಣೆಯ ಬಾಗಿಲಲ್ಲಿ ‘ಎಣಿಗಣ್ಣು’ ಇರುತ್ತದೆ. ದಿನಾ ಬೆರಳಿನ ರಕ್ತ ನೋಡಿ ಬಿಳಿ ಕಣಗಳನ್ನು ಎಣಿಸುವ ಯಂತ್ರ. ಎಣಿಕೆ ಏರಿದರೆ ಹಸಿರು ದೀಪ ಹೊತ್ತಿ ಬೀಗ ತಾನಾಗಿ ಬಿಚ್ಚುತ್ತದೆ. ಆಗ ಎಷ್ಟೇ ದೊಡ್ಡವರಿರಲಿ, ತೊಟ್ಟಿಲಿಗೆ ಹಾಕಿ ಜೋಗುಳ ಹಾಡುವುದು, ಬಂಧುಗಳೆಲ್ಲ ಕೆನ್ನೆ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆಯುವುದು.

ಆದರೆ ಮೊದಲು ಬರುವ ಕಣಗಳು ಹೊಸ ಕಾವಲುಗಾರರಿದ್ದಂತೆ: ಕೈಯಲ್ಲಿ ಕೋಲಿದೆ, ಕಳ್ಳರ ಮುಖ ಗೊತ್ತಿಲ್ಲ. ರೋಗ ಗುರುತಿಸುವ ಕಣಗಳು ತಿರುಗಿ ಬರಲು ತಿಂಗಳುಗಳೇ ಬೇಕು, ವರ್ಷ ದಾಟುವುದೂ ಉಂಟು. ಎಣಿಗಣ್ಣು ಅವನ್ನು ಎಣಿಸುವುದಿಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ನಿಂಗಯ್ಯನನ್ನು ತೊಟ್ಟಿಲಿಗೆ ಹಾಕಿದ ವಾರದಲ್ಲೇ ಮಣ್ಣಿಗೂ ಹಾಕಿದೆವು. ದೃಷ್ಟಿ ತಾಗಿತು ಎಂದರು.

ಇಂದು ಮುಂಜಾನೆ ಕಲ್ಲವ್ವನ ದೀಪ ಹಸಿರಾಯಿತು. ಸೋದರತ್ತೆ ಸಂಕವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ನಿನಗೆ ನೆಗಡಿಯಾಗಿದೆ, ಬರಬೇಡ ಎಂದು ಕಾಲು ಹಿಡಿದೆ. “ಕೂಸಿನ್ನ ನೋಡಲಾರದ ಹೆಂಗ ಇರಲೆವಾ? ನಾ ಏನ್ ಹೊರಗಿನಾಕೇನ?” ಎಂದು ಅತ್ತುಬಿಟ್ಟಳು. ಅವಳದು ನಿಜವಾದ ಪ್ರೀತಿ. ಅದಕ್ಕೇ ನನಗೆ ಭಯ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಆ ಪದ ಇನ್ನೂ ನಿಮ್ಮ ಬಾಯಲ್ಲಿದೆ, ನುಂಗಿಬಿಡಿ. ಜನ ಹೊಸ್ತಿಲಾಚೆಯೇ ನಿಲ್ಲುವಂಥ ಬೇರೆ ಮಾತು ಹುಡುಕಿ. ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಇದನ್ನು ಬರೆಯುತ್ತಿದ್ದೇನೆ. ಅತ್ತೆ ಕೂಸಿನ ತಲೆಗೆಂದು ತಾನೇ ಹೊಲಿದ ಕುಂಚಿಗೆ ಹಿಡಿದು ಅಂಗಳಕ್ಕೆ ಬಂದಿದ್ದಾಳೆ. ಜೋಗುಳದ ನಡುವೆ ಕೆಮ್ಮು ಕೇಳಿಸುತ್ತಿದೆ. ಬೆನ್ನ ಹಿಂದೆ ಕಲ್ಲವ್ವ ಬಾಗಿಲು ಬಡಿಯುತ್ತಿದ್ದಾಳೆ.

“ಅಕ್ಕಾ, ಅತ್ತಿ ಬಂದ್ಲು! ಏಳ, ಬಾಗಲಾ ಬಿಡ.”